ಕೊಟ್ಟಿಗೆಯ ಅರ್ಥ್ ತಂತಿ ಎಷ್ಟು ದಪ್ಪ ಇರಬೇಕು?



ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಲಸಿಕೆ, ಖನಿಜ ಮಿಶ್ರಣ, ಹಸಿರು ಮೇವು ಇತ್ಯಾದಿ ವಿಷಯಗಳನ್ನು ಈ ಪುಟಗಳಲ್ಲಿ ತಾವು ಓದುತ್ತಾ ಬಂದಿದ್ದೀರಿ. ಪಶುವೈದ್ಯನಾದವನು ಕರೆಂಟಿನ ತಂತಿಯ ಬಗ್ಗೆ ಏಕೆ ಬರೆಯುತ್ತಿದ್ದಾನೆ ಎಂದು ಈ ಸಲ ತಮಗೆ ಅನ್ನಿಸಬಹುದು. ಕಾರಣ ಇದೆ.

ಕೆಲವು ವರ್ಷಗಳ ಹಿಂದೆ ಆಷಾಢದ ಜಡಿಮಳೆಯಲ್ಲಿ, ಬೆಳಗಿನ ಹಾಲಿನ ಹೊತ್ತಿಗೆ ಒಂದು ಹಳ್ಳಿಯಿಂದ ಕರೆ ಬಂತು. ಎರಡನೇ ಸೂಲಿನ ಮಿಶ್ರತಳಿ ಹಸು, ಹಿಂದಿನ ಸಂಜೆಯವರೆಗೂ ಚೆನ್ನಾಗಿ ಹಾಲು ಕೊಟ್ಟಿದ್ದು, ಮೇವು ಕತ್ತರಿಸುವ ಯಂತ್ರದ ಪಕ್ಕದಲ್ಲಿ ಸತ್ತು ಬಿದ್ದಿತ್ತು. ಬಾಯಲ್ಲಿ ಅಗಿಯುತ್ತಿದ್ದ ಮೇವು ಹಾಗೆಯೇ ಇತ್ತು. ಕೊರಳಿನ ಸರಪಳಿ ಕಬ್ಬಿಣದ ಕಂಬಕ್ಕೆ ಕಟ್ಟಿತ್ತು. ಆ ಕಂಬಕ್ಕೆ ತಗುಲಿಕೊಂಡೇ ಯಂತ್ರದ ಕಬ್ಬಿಣದ ಚೌಕಟ್ಟು ನಿಂತಿತ್ತು. ಹಸುವಿನ ಮೈ ಮುಟ್ಟಲು ಹೋದ ಮನೆಯ ಸೊಸೆಯನ್ನು ಮಾವ ಕೂಗಿ ತಡೆದಿದ್ದರಿಂದ ಒಂದು ಜೀವ ಉಳಿದಿತ್ತು.

"ಡಾಕ್ಟ್ರೇ, ನಾನು ಅರ್ಥ್ ಹಾಕ್ಸಿದ್ನಲ್ಲ!" ಎಂದು ಆ ಯಜಮಾನರು ಪದೇ ಪದೇ ಹೇಳುತ್ತಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಯಂತ್ರದ ಬೋಲ್ಟಿಗೆ ಸುತ್ತಿದ ಒಂದು ಸಣ್ಣ ಕಬ್ಬಿಣದ ತಂತಿ ಗೋಡೆ ದಾಟಿ ಹೋಗಿ, ಹಿತ್ತಲಲ್ಲಿ ಎರಡಡಿ ಹೂತಿದ್ದ ಕೊಳವೆಯ ತುಂಡಿಗೆ ಸೇರಿತ್ತು. ಗಂಜಲ ಬಿದ್ದು ಬಿದ್ದು ಆ ತಂತಿ ತುಕ್ಕು ಹಿಡಿದಿತ್ತು. ಫ್ಯೂಸಿಗೆ ಮೂರೆಳೆ ತಂತಿ ಸೇರಿಸಿ ಸುತ್ತಿದ್ದರು. ಅರ್ಥ್ ಇತ್ತು, ಅದು ಮಾಡಬೇಕಾದ ಕೆಲಸ ಮಾಡುವಷ್ಟು ಗಟ್ಟಿ ಇರಲಿಲ್ಲ.

ಅಂದಿನಿಂದ ನಾನು ಯಾವ ಕೊಟ್ಟಿಗೆಗೆ ಹೋದರೂ ಹಸುವನ್ನು ನೋಡಿದ ಮೇಲೆ ಅರ್ಥ್ ತಂತಿಯನ್ನೂ ಒಮ್ಮೆ ನೋಡುತ್ತೇನೆ. ನಾನು ವಿದ್ಯುತ್ ಇಂಜಿನಿಯರ್ ಅಲ್ಲ. ಆದರೆ ವಿದ್ಯುತ್ ವಿಷಯ ಬಲ್ಲವರಿಂದ ಕೇಳಿ, ನಿಯಮಗಳನ್ನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಇದನ್ನು ಓದಿ ತಾವೇ ತಂತಿ ಜೋಡಿಸಲು ಹೋಗಬೇಡಿ. ಪರವಾನಗಿ ಇರುವ ವೈರ್‌ಮನ್‌ನಿಂದಲೇ ಕೆಲಸ ಮಾಡಿಸಿ. ಆದರೆ ಮಾಡಿಸುವಾಗ ಏನು ಕೇಳಬೇಕು, ಏನು ನೋಡಬೇಕು ಎಂಬುದು ತಮಗೆ ಗೊತ್ತಿರಲಿ.

ಅರ್ಥ್ ತಂತಿಯ ಕೆಲಸವೇನು?

ಮೋಟಾರಿನ ಒಳಗಿನ ಸುರುಳಿಯ ಹೊದಿಕೆ ಸುಟ್ಟರೆ, ಇಲಿ ಕಡಿದರೆ, ಇಲ್ಲವೇ ನೀರು ಇಳಿದರೆ, ಫೇಸ್ ತಂತಿಯ ಕರೆಂಟ್ ಯಂತ್ರದ ಕಬ್ಬಿಣದ ಮೈಗೆ ಬರುತ್ತದೆ. ಯಂತ್ರ ಆಗಲೂ ತಿರುಗುತ್ತಲೇ ಇರಬಹುದು. ಹೊರಗಿನಿಂದ ನೋಡಿದವರಿಗೆ ಏನೂ ತಿಳಿಯುವುದಿಲ್ಲ. ಮುಟ್ಟಿದವರಿಗೆ ಮಾತ್ರ ತಿಳಿಯುತ್ತದೆ.

ಇಂಥ ಹೊತ್ತಿನಲ್ಲಿ ಅರ್ಥ್ ತಂತಿ ಎರಡು ಕೆಲಸ ಮಾಡಬೇಕು. ಮೊದಲನೆಯದು, ಕರೆಂಟಿಗೆ ಸಲೀಸಾದ ದಾರಿ ಕೊಟ್ಟು ಯಂತ್ರದ ಮೈಯ ಮೇಲೆ ವೋಲ್ಟೇಜ್ ಏರದಂತೆ ತಡೆಯಬೇಕು. ಎರಡನೆಯದು, ಫ್ಯೂಸ್ ಹೋಗುವಷ್ಟು ಅಥವಾ ಸ್ವಿಚ್ ತಾನಾಗಿ ಬೀಳುವಷ್ಟು ಕರೆಂಟನ್ನು ಹರಿಸಬೇಕು. ಅದು ಆಗುವವರೆಗೆ ತಂತಿ ಕಾಯ್ದು ಕರಗಬಾರದು, ಜೋಡಣೆ ಬಿಚ್ಚಬಾರದು.

ಕೆರೆಗೆ ಕೋಡಿ ಇದ್ದ ಹಾಗೆ ಯಂತ್ರಕ್ಕೆ ಅರ್ಥ್ ತಂತಿ. ಕೋಡಿಯಲ್ಲಿ ವರ್ಷವಿಡೀ ನೀರು ಹರಿಯುವುದಿಲ್ಲ. ಹಾಗೆಂದು ಅದನ್ನು ಕಾಲುವೆಗಿಂತ ಕಿರಿದು ಮಾಡಿದರೆ ದೊಡ್ಡ ಮಳೆ ಬಂದ ದಿನ ಏರಿಯೇ ಒಡೆಯುತ್ತದೆ. ಅರ್ಥ್ ತಂತಿಯಲ್ಲಿ ದಿನವೂ ಕರೆಂಟ್ ಇಲ್ಲ, ಆದ್ದರಿಂದ ಸಣ್ಣ ತಂತಿ ಸಾಕು ಎಂದು ಭಾವಿಸುವುದೂ ಇಂಥದೇ ತಪ್ಪು. ಅದರ ದಪ್ಪವನ್ನು ನಿರ್ಧರಿಸಬೇಕಾದದ್ದು ಆ ಒಂದು ದಿನದ ಹರಿವನ್ನು ನೋಡಿ.

ರಾಸುಗಳಿಗೆ ಅಪಾಯ ಏಕೆ ಹೆಚ್ಚು?

ನಮ್ಮ ಕಾಲಿಗೆ ಚಪ್ಪಲಿ ಇರುತ್ತದೆ, ನಮ್ಮ ಎರಡು ಕಾಲೂ ಹತ್ತಿರ ಹತ್ತಿರ ಇರುತ್ತವೆ. ಹಸು ಬರಿಗೊರಸಿನಲ್ಲಿ, ಗಂಜಲ ಸಗಣಿಯಿಂದ ನೆನೆದ ನೆಲದ ಮೇಲೆ ನಾಲ್ಕೂ ಕಾಲೂರಿ ನಿಂತಿರುತ್ತದೆ. ಮುಂಗಾಲಿಗೂ ಹಿಂಗಾಲಿಗೂ ಅಂತರ ನಾಲ್ಕೈದು ಅಡಿ. ನೆಲದಲ್ಲಿ ಕರೆಂಟ್ ಹರಡಿದಾಗ ಈ ಅಂತರದ ನಡುವಿನ ವೋಲ್ಟೇಜ್ ಹಸುವಿನ ಮೈಯ ಮೂಲಕ, ಎದೆಯ ಮೂಲಕ ಹಾಯುತ್ತದೆ. ಒದ್ದೆ ಮೂತಿ, ನಾಲಿಗೆ ನೀರಿನ ತೊಟ್ಟಿಗೆ ತಗಲುತ್ತಿರುತ್ತವೆ. ಕೊರಳಿಗೆ ಸರಪಳಿ ಇರುತ್ತದೆ. ಓಡಿಹೋಗೋಣವೆಂದರೆ ಕಟ್ಟಿ ಹಾಕಿರುತ್ತೇವೆ.

ಕರೆಂಟ್ ಹರಿಯಲು ಹಸುವಿನ ಮೈ ಒಡ್ಡುವ ತಡೆ ಸುಮಾರು 500 ಓಮ್ ಎಂದು ತಜ್ಞರು ಲೆಕ್ಕಕ್ಕೆ ಹಿಡಿಯುತ್ತಾರೆ. ಮನುಷ್ಯನ ಮೈಯ ತಡೆ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು. ಆದ್ದರಿಂದ ನಮಗೆ ಬರೀ ಜುಮ್ಮೆನ್ನುವ ವೋಲ್ಟೇಜ್ ಹಸುವನ್ನು ಕೆಡವಬಲ್ಲದು. ಕೊಟ್ಟಿಗೆಗೆ ಮನೆಗಿಂತ ಬಿಗಿಯಾದ ನಿಯಮ ಬೇಕೆನ್ನುವುದು ಇದಕ್ಕೇ.

ನಿಯಮ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಅರ್ಥಿಂಗ್‌ಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 3043 ಎಂಬ ಸಂಹಿತೆ ಇದೆ. ಇದು 1987ರಲ್ಲಿ, ಮತ್ತೆ 2018ರಲ್ಲಿ ಪರಿಷ್ಕೃತವಾಗಿದೆ. ರಾಷ್ಟ್ರೀಯ ವಿದ್ಯುತ್ ಸಂಹಿತೆಯಲ್ಲಿ ಕೃಷಿ ಆವರಣಗಳಿಗೆಂದೇ ಪ್ರತ್ಯೇಕ ಭಾಗವಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳ ಜಾಗದಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ 2010ರಲ್ಲಿ ಬಂದು, 2023ರಲ್ಲಿ ಹೊಸದಾಗಿದೆ.

ತಂತಿಯ ದಪ್ಪದ ನಿಯಮ ನೆನಪಿಡಲು ಸುಲಭ. ಅಂಗಡಿಯಲ್ಲಿ ತಾವು "ಎರಡೂವರೆ ಎಂ.ಎಂ. ವೈರ್" ಎಂದು ಕೇಳುತ್ತೀರಲ್ಲ, ಅದು ತಂತಿಯ ಅಡ್ಡಳತೆಯಲ್ಲ. ತಂತಿಯನ್ನು ಕತ್ತರಿಸಿದಾಗ ಕಾಣುವ ಲೋಹದ ಮುಖದ ವಿಸ್ತೀರ್ಣ, ಅಂದರೆ ಎರಡೂವರೆ ಚದರ ಮಿಲಿಮೀಟರ್. ಫೇಸ್ ತಂತಿಯ ಈ ಅಳತೆಯನ್ನು ನೋಡಿಕೊಂಡು ಅರ್ಥ್ ತಂತಿಯನ್ನು ಆರಿಸಬೇಕು:

1. ಫೇಸ್ ತಂತಿ 16 ಚದರ ಮಿ.ಮೀ.ವರೆಗೆ ಇದ್ದರೆ ಅರ್ಥ್ ತಂತಿಯೂ ಅಷ್ಟೇ ಇರಬೇಕು.
2. ಫೇಸ್ ತಂತಿ 16ಕ್ಕಿಂತ ಹೆಚ್ಚಿದ್ದು 35ರವರೆಗೆ ಇದ್ದರೆ ಅರ್ಥ್ ತಂತಿ 16 ಚದರ ಮಿ.ಮೀ. ಇರಬೇಕು.
3. ಫೇಸ್ ತಂತಿ 35ಕ್ಕಿಂತ ಹೆಚ್ಚಿದ್ದರೆ ಅರ್ಥ್ ತಂತಿ ಅದರ ಅರ್ಧದಷ್ಟು ಇರಬೇಕು.

ಇದರ ಜೊತೆಗೆ ಒಂದು ಕನಿಷ್ಠ ಮಿತಿ ಇದೆ. ಅರ್ಥ್ ತಂತಿ ಕೇಬಲ್ಲಿನ ಒಳಗೇ ಒಂದು ಎಳೆಯಾಗಿರದೆ ಬೇರೆಯಾಗಿ ಹೋಗುವುದಾದರೆ, ಪೈಪಿನೊಳಗೆ ಪೆಟ್ಟು ಬೀಳದಂತೆ ಇದ್ದಾಗ ತಾಮ್ರದ್ದು ಎರಡೂವರೆ ಚದರ ಮಿ.ಮೀ.ಗೆ ಕಡಿಮೆ ಇರಬಾರದು. ಹೊರಗೆ ತೆರೆದಂತೆ ಹೋದರೆ 4 ಚದರ ಮಿ.ಮೀ.ಗೆ ಕಡಿಮೆ ಇರಬಾರದು. ಕೊಟ್ಟಿಗೆಯಲ್ಲಿ ರಾಸು ಕೊಂಬು ತಾಗಿಸುತ್ತದೆ, ಗುದ್ದಲಿ ತಗಲುತ್ತದೆ. ಆದ್ದರಿಂದ ತೆರೆದ ತಂತಿಗೆ 4 ಎಂದೇ ಇಟ್ಟುಕೊಳ್ಳಿ.

ಒಂದೇ ಅರ್ಥ್ ತಂತಿ ಹಲವು ಯಂತ್ರಗಳಿಗೆ ಸೇರಿ ಇದ್ದರೆ, ಆ ಯಂತ್ರಗಳ ಫೇಸ್ ತಂತಿಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದು ಯಾವುದೋ ಅದರ ಲೆಕ್ಕಕ್ಕೆ ಅರ್ಥ್ ತಂತಿ ಹಾಕಬೇಕು.

ಲೆಕ್ಕ ಹಾಕಿ ನೋಡೋಣ

ಮೇವು ಕತ್ತರಿಸುವ ಯಂತ್ರ: 2 ಎಚ್.ಪಿ. ಸಿಂಗಲ್ ಫೇಸ್ ಮೋಟಾರು ಎಂದುಕೊಳ್ಳಿ. ತುಂಬು ಕೆಲಸದಲ್ಲಿ ಸುಮಾರು 11 ಆಂಪಿಯರ್ ಎಳೆಯುತ್ತದೆ. ಇದಕ್ಕೆ ಎರಡೂವರೆಯ ತಾಮ್ರದ ತಂತಿ, 16 ಆಂಪಿಯರ್ ಸ್ವಿಚ್ಚು. ಹಾಗಾದರೆ ಅರ್ಥ್ ತಂತಿ ಪೈಪಿನೊಳಗೆ ಜೊತೆಯಲ್ಲೇ ಹೋದರೆ ಎರಡೂವರೆ, ಗೋಡೆಯ ಹೊರಗೆ ತೆರೆದು ಹೋದರೆ 4.

ಹಾಲು ಕರೆಯುವ ಯಂತ್ರ: ಒಂದು ಬಕೆಟ್ಟಿನ ಸಣ್ಣ ಯಂತ್ರಕ್ಕೆ ಒಂದೂವರೆಯ ಮೂರೆಳೆ ಕೇಬಲ್ ಇದ್ದರೆ, ಅದರೊಳಗಿನ ಹಸಿರು ಎಳೆಯೂ ಒಂದೂವರೆಯೇ ಇರುತ್ತದೆ, ಅದು ಸಾಕು. ಆದರೆ ಆ ಹಸಿರು ಎಳೆ ಎರಡೂ ತುದಿಯಲ್ಲಿ ಬಿಗಿಯಾಗಿ ಸೇರಿರಬೇಕು. ಎರಡು ಪಿನ್ನಿನ ಪ್ಲಗ್ ಹಾಕಿ ಹಸಿರು ಎಳೆಯನ್ನು ಕತ್ತರಿಸಿ ಬಿಟ್ಟದ್ದನ್ನು ನಾನು ಹಲವು ಕಡೆ ನೋಡಿದ್ದೇನೆ. ಅಲ್ಲಿ ಅರ್ಥ್ ಇದ್ದೂ ಇಲ್ಲದಂತೆ.

ಮೇವಿನ ತೋಟದ ಪಂಪ್: 5 ಎಚ್.ಪಿ. ತ್ರೀ ಫೇಸ್ ಮೋಟಾರು ಸುಮಾರು 8 ಆಂಪಿಯರ್ ಎಳೆಯುತ್ತದೆ. ಅಷ್ಟಕ್ಕೆ ಎರಡೂವರೆಯ ತಂತಿ ಸಾಕಾದರೂ, ದೂರ ಹೆಚ್ಚಾಗಿ ವೋಲ್ಟೇಜ್ ಇಳಿಯುತ್ತದೆಂದು 6ರ ತಂತಿ ಎಳೆಸಿರುತ್ತೀರಿ. ಆಗ ಅರ್ಥ್ ತಂತಿಯೂ 6ಕ್ಕೆ ಏರಬೇಕು. ದೂರ ಹೆಚ್ಚಾದರೆ ಫೇಸ್ ತಂತಿಗೆ ಆಗುವ ನಷ್ಟವೇ ಅರ್ಥ್ ತಂತಿಗೂ ಆಗುತ್ತದೆ. ತ್ರೀ ಫೇಸ್ ಮೋಟಾರಿನ ಮೈಗೆ ಎರಡು ಬೇರೆ ಬೇರೆ ಅರ್ಥ್ ಜೋಡಣೆ ಇರಬೇಕು ಎಂಬುದು 1956ರ ನಿಯಮದಿಂದ ಹಿಡಿದು ಇಂದಿನವರೆಗೂ ಇರುವ ಮಾತು. ಒಂದು ಕಡಿದರೆ ಇನ್ನೊಂದು ಕಾಯಲಿ ಎಂದು ಹೀಗೆ ಮಾಡಿದ್ದಾರೆ.

ಸಂಘದ ಹಾಲು ಶೀತಲೀಕರಣ ಘಟಕ: ಘಟಕಕ್ಕೆ ಬರುವ ತಾಮ್ರದ ಕೇಬಲ್ 10 ಆದರೆ ಅರ್ಥ್ 10. ಕೇಬಲ್ 16, 25, 35 ಯಾವುದಾದರೂ ಅರ್ಥ್ 16. ಕೇಬಲ್ 50 ಆದರೆ ಅರ್ಥ್ 25. ಸಂಘದ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು ಇದನ್ನು ಒಮ್ಮೆ ಪರಿಶೀಲಿಸಬೇಕೆಂದು ಕೋರುತ್ತೇನೆ. ದಿನಕ್ಕೆರಡು ಸಲ ನೂರಾರು ಜನ ಕ್ಯಾನು ಹಿಡಿದು ಒದ್ದೆ ನೆಲದ ಮೇಲೆ ನಿಲ್ಲುವ ಜಾಗ ಅದು.

ಇಂಜಿನಿಯರುಗಳು ಇನ್ನೂ ನಿಖರವಾಗಿ ಲೆಕ್ಕ ಹಾಕುತ್ತಾರೆ. ದೋಷವಾದಾಗ ಹರಿಯುವ ಆಂಪಿಯರನ್ನು, ಅದು ಹರಿಯುವ ಸೆಕೆಂಡುಗಳ ವರ್ಗಮೂಲದಿಂದ ಗುಣಿಸಿ, ಲೋಹಕ್ಕೆ ತಕ್ಕ ಒಂದು ಸಂಖ್ಯೆಯಿಂದ ಭಾಗಿಸುತ್ತಾರೆ. ಕೇಬಲ್ಲಿನೊಳಗಿನ ತಾಮ್ರದ ಎಳೆಗೆ ಆ ಸಂಖ್ಯೆ 115. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಇರುವ ಘಟಕದಲ್ಲಿ 1000 ಆಂಪಿಯರ್ ಹರಿಯಿತು ಎನ್ನೋಣ. ಸರಿಯಾದ ಸ್ವಿಚ್ ಇದ್ದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಬಿದ್ದರೆ, ಮೂರು ಚದರ ಮಿ.ಮೀ.ಗೂ ಕಡಿಮೆ ತಂತಿ ತಡೆಯುತ್ತದೆ. ಫ್ಯೂಸಿಗೆ ದಪ್ಪ ತಂತಿ ಸುತ್ತಿ ಅದು ಹೋಗಲು 5 ಸೆಕೆಂಡು ಹಿಡಿದರೆ, ಬೇಕಾಗುವುದು 19 ಚದರ ಮಿ.ಮೀ.ಗೂ ಹೆಚ್ಚು! 10ರ ಅರ್ಥ್ ಎಳೆ ಅಲ್ಲಿ ಸುಟ್ಟೇಹೋಗುತ್ತದೆ. ಫ್ಯೂಸಿಗೆ ಎರಡೆಳೆ ಮೂರೆಳೆ ಸುತ್ತುವವರು ತಮ್ಮ ಅರ್ಥ್ ತಂತಿಯನ್ನೂ ತಾವೇ ಹಾಳು ಮಾಡುತ್ತಿದ್ದಾರೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಕಬ್ಬಿಣದ ತಂತಿ ಹಾಕಬಹುದೇ?

ಹಳ್ಳಿಗಳಲ್ಲಿ ಹೆಚ್ಚಾಗಿ ಹಾಕುವುದು ಜಿ.ಐ. ತಂತಿಯನ್ನೇ, ಅಂದರೆ ಸತುವಿನ ಲೇಪದ ಕಬ್ಬಿಣದ ತಂತಿ. ತಾಮ್ರದಂತೆ ಕಳ್ಳತನವಾಗುವುದಿಲ್ಲ, ಬೆಲೆಯೂ ಕಡಿಮೆ. ಹಾಕಬಹುದು, ಆದರೆ ತಾಮ್ರದ ಅಳತೆಯನ್ನೇ ಕಬ್ಬಿಣಕ್ಕೂ ಹಾಕಬಾರದು. ಒಂದು ಸೆಕೆಂಡಿನ ಹರಿವಿಗೆ ಬರಿಯ ತಾಮ್ರ ಚದರ ಮಿ.ಮೀ.ಗೆ 205 ಆಂಪಿಯರ್ ತಡೆದರೆ, ಕಬ್ಬಿಣ ತಡೆಯುವುದು 80 ಮಾತ್ರ. ಅಂದರೆ ಕಬ್ಬಿಣದ ತಂತಿ ತಾಮ್ರದ ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ಇರಬೇಕು.

ಅಂಗಡಿಯಲ್ಲಿ ಸಿಗುವ 8 ಗೇಜಿನ ಜಿ.ಐ. ತಂತಿ ಸುಮಾರು 13 ಚದರ ಮಿ.ಮೀ. ಇದು 5 ಚದರ ಮಿ.ಮೀ. ತಾಮ್ರಕ್ಕೆ ಸಮ. ಆದ್ದರಿಂದ 4ರ ತಾಮ್ರ ಬೇಕಾದ ಕಡೆ ಇದು ನಡೆಯುತ್ತದೆ. ಬೇಲಿಗೆ ಬಳಸುವ 14 ಗೇಜಿನ ತಂತಿ ಸುಮಾರು ಮೂರೂಕಾಲು ಚದರ ಮಿ.ಮೀ. ಮಾತ್ರ. ತಾಮ್ರದ ಲೆಕ್ಕದಲ್ಲಿ ಅದು ಒಂದೂಕಾಲು ಆಯಿತು, ಯಾವ ಯಂತ್ರಕ್ಕೂ ಸಾಲದು. ನೆನಪಿಡಿ, ಗೇಜಿನ ಸಂಖ್ಯೆ ಹೆಚ್ಚಾದಷ್ಟೂ ತಂತಿ ಸಣ್ಣದು.

ಇನ್ನೊಂದು ವಿಷಯ. ಕಬ್ಬಿಣ ಕರೆಂಟಿಗೆ ಒಡ್ಡುವ ತಡೆ ತಾಮ್ರದ ಸುಮಾರು ಎಂಟು ಪಟ್ಟು. 30 ಮೀಟರ್ ಉದ್ದದ 14 ಗೇಜ್ ತಂತಿಯ ತಡೆ ಒಂದೂಕಾಲು ಓಮ್‌ಗೂ ಹೆಚ್ಚು. ಅಷ್ಟೇ ಉದ್ದದ ಎರಡೂವರೆಯ ತಾಮ್ರದ್ದು 0.2 ಓಮ್ ಮಾತ್ರ. ದೂರ ಹೆಚ್ಚಿದ್ದರೆ ತಾಮ್ರವನ್ನೋ, ದಪ್ಪನೆಯ ಜಿ.ಐ. ಪಟ್ಟಿಯನ್ನೋ ಹಾಕಿಸುವುದು ಮೇಲು. ಅಲ್ಯೂಮಿನಿಯಂ ತಂತಿಯನ್ನು ಮಣ್ಣಿನಲ್ಲಿ ಹೂಳಬೇಡಿ, ಬೇಗ ತಿಂದುಹೋಗುತ್ತದೆ.

ತಂತಿ ದಪ್ಪ ಇದ್ದರಷ್ಟೇ ಸಾಲದು

ಇಲ್ಲಿ ಬಹಳ ಜನ ಎಡವುತ್ತಾರೆ, ದಯವಿಟ್ಟು ನಿಧಾನವಾಗಿ ಓದಿ. ಕಂಬದಿಂದ ನಮ್ಮ ಮನೆಗೆ ಬರುವುದು ಸಾಮಾನ್ಯವಾಗಿ ಫೇಸ್ ಮತ್ತು ನ್ಯೂಟ್ರಲ್ ಮಾತ್ರ. ಅರ್ಥನ್ನು ನಾವೇ ನಮ್ಮ ಹಿತ್ತಲಲ್ಲಿ ಗುಂಡಿ ತೋಡಿ ಮಾಡಿಕೊಳ್ಳುತ್ತೇವೆ. ಹಾಗಾದಾಗ ದೋಷದ ಕರೆಂಟ್ ನಮ್ಮ ಗುಂಡಿಯಿಂದ ಮಣ್ಣಿನ ಮೂಲಕ ಟ್ರಾನ್ಸ್‌ಫಾರ್ಮರಿನ ಗುಂಡಿಗೆ ಹೋಗಬೇಕು.

ನಮ್ಮ ಗುಂಡಿಯ ತಡೆ 10 ಓಮ್, ಟ್ರಾನ್ಸ್‌ಫಾರ್ಮರಿನದು 2 ಓಮ್ ಎಂದುಕೊಳ್ಳಿ. ಒಟ್ಟು 12. 230 ವೋಲ್ಟನ್ನು 12ರಿಂದ ಭಾಗಿಸಿದರೆ ಸುಮಾರು 19 ಆಂಪಿಯರ್. ನಮ್ಮದು 16 ಆಂಪಿಯರ್ ಸ್ವಿಚ್. 19 ಆಂಪಿಯರಿಗೆ ಅದು ಒಂದು ಗಂಟೆಯಾದರೂ ಬೀಳದಿರಬಹುದು. ಅಷ್ಟು ಹೊತ್ತೂ ಯಂತ್ರದ ಮೈಯ ಮೇಲೆ ಎಷ್ಟು ವೋಲ್ಟೇಜ್ ಇರುತ್ತದೆ? 19ನ್ನು ಗುಂಡಿಯ 10 ಓಮ್‌ನಿಂದ ಗುಣಿಸಿ, 190 ವೋಲ್ಟ್! 500 ಓಮ್ ತಡೆಯ ಹಸುವಿನ ಮೈಗೆ ಇದರ ಅರ್ಧ ತಗುಲಿದರೂ 190 ಮಿಲಿಆಂಪಿಯರ್ ಹರಿಯುತ್ತದೆ. ಎದೆಯ ಮೂಲಕ 50 ಮಿಲಿಆಂಪಿಯರ್ ಹರಿದರೇ ಮನುಷ್ಯನ ಪ್ರಾಣಕ್ಕೆ ಸಂಚಕಾರ. ತಂತಿ ಎಷ್ಟೇ ದಪ್ಪವಿರಲಿ, ಈ ಲೆಕ್ಕ ಬದಲಾಗುವುದಿಲ್ಲ.

ಇದಕ್ಕೆ ಇರುವ ಮದ್ದು ಆರ್‌ಸಿಸಿಬಿ ಎಂಬ ಸ್ವಿಚ್. ಇದನ್ನು ಹಳಬರು ಇಎಲ್‌ಸಿಬಿ ಎಂದೂ ಕರೆಯುತ್ತಾರೆ. ಫೇಸಿನಲ್ಲಿ ಹೋದ ಕರೆಂಟ್ ಪೂರಾ ನ್ಯೂಟ್ರಲ್‌ನಲ್ಲಿ ಹಿಂದಕ್ಕೆ ಬರುತ್ತಿದೆಯೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ಸಂಘದಲ್ಲಿ ಬರೆದುಕೊಂಡ ಹಾಲಿಗೂ ಟ್ಯಾಂಕಿಗೆ ಸುರಿದ ಹಾಲಿಗೂ ತಾಳೆ ನೋಡಿದ ಹಾಗೆ. 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಬೇಸಿಗೆಯಲ್ಲಿ ಗುಂಡಿ ಒಣಗಿ ತಡೆ 100 ಓಮ್‌ಗೆ ಏರಿದ್ದರೂ ಅದು ಕೆಲಸ ಮಾಡುತ್ತದೆ.

ಹಾಗಾದರೆ ಅರ್ಥ್ ತಂತಿ ಬೇಡವೇ? ಬೇಕೇ ಬೇಕು. ಅರ್ಥ್ ಇದ್ದರೆ ಸೋರಿದ ಕ್ಷಣವೇ ಕರೆಂಟ್ ಅದರಲ್ಲಿ ಹರಿದು ಸ್ವಿಚ್ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಯಾವುದಾದರೂ ಜೀವ ಮುಟ್ಟಿ, ಅದರ ಮೈಯ ಮೂಲಕ ಹರಿದ ಮೇಲೆಯೇ ಬೀಳಬೇಕು. ತಂತಿ, ಗುಂಡಿ, ಆರ್‌ಸಿಸಿಬಿ ಈ ಮೂರೂ ಒಲೆಯ ಮೂರು ಗುಂಡುಗಳಿದ್ದಂತೆ. ಒಂದು ಸರಿದರೂ ಮಡಕೆ ನಿಲ್ಲುವುದಿಲ್ಲ. ಆರ್‌ಸಿಸಿಬಿಯ ಮೇಲಿನ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳದಿದ್ದರೆ ಬದಲಾಯಿಸಿ.

ಅರ್ಥ್ ಗುಂಡಿ

ಕೊಳವೆಯ ಅರ್ಥ್ ಮಾಡಿಸುವಾಗ ಜಿ.ಐ. ಕೊಳವೆಯ ಒಳ ಅಡ್ಡಳತೆ 38 ಮಿ.ಮೀ.ಗೆ, ಉದ್ದ ಎರಡೂವರೆ ಮೀಟರಿಗೆ ಕಡಿಮೆ ಇರಬಾರದು. ಎರಡೂವರೆ ಮೀಟರೆಂದರೆ ಎಂಟಡಿಗೂ ಹೆಚ್ಚು. ಎರಡಡಿ ಕೊಳವೆ ಹೂತು ಅರ್ಥ್ ಎನ್ನುವುದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು. ಸುತ್ತ ಇದ್ದಿಲು, ಉಪ್ಪು ತುಂಬಿ, ಬೇಸಿಗೆಯಲ್ಲಿ ಆಗಾಗ ಎರಡು ಮೂರು ಬಿಂದಿಗೆ ನೀರು ಹಾಕಬೇಕು. ಉಪ್ಪಿನಿಂದ ಜೋಡಣೆ ತುಕ್ಕು ಹಿಡಿಯುವುದರಿಂದ ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ಎರಡು ಗುಂಡಿ ಮಾಡಿಸಿದರೆ ಅವುಗಳ ನಡುವೆ ಕೊಳವೆಯ ಉದ್ದದ ಎರಡರಷ್ಟು ಅಂತರ ಇರಲಿ.

ಗುಂಡಿಯ ತಡೆ 5 ಓಮ್‌ಗಿಂತ ಕಡಿಮೆ ಇರಲೆಂದು ಪ್ರಯತ್ನಿಸಿ. ಅಳೆಯಲು ಅರ್ಥ್ ಟೆಸ್ಟರ್ ಎಂಬ ಉಪಕರಣ ಬೇಕು. ಮಣ್ಣು ಒಣಗಿರುವ ಏಪ್ರಿಲ್, ಮೇ ತಿಂಗಳಲ್ಲಿ ಅಳೆಸಿ. ಬಲ್ಬು ಹಚ್ಚಿ ನೋಡಿ "ಅರ್ಥ್ ಚೆನ್ನಾಗಿದೆ" ಎನ್ನುವವರ ಮಾತು ನಂಬಬೇಡಿ. ನೂರು ವಾಟ್ ಬಲ್ಬಿಗೆ ಅರ್ಧ ಆಂಪಿಯರೂ ಬೇಡ, ಕಳಪೆ ಗುಂಡಿಯಲ್ಲೂ ಅದು ಉರಿಯುತ್ತದೆ.

ಬಹು ಮುಖ್ಯವಾದ ಮಾತು: ಅರ್ಥ್ ಗುಂಡಿಯ ಬಳಿ ರಾಸು ಕಟ್ಟಬೇಡಿ. ದೋಷವಾದಾಗ ಗುಂಡಿಯ ಸುತ್ತಲಿನ ನೆಲದಲ್ಲೇ ವೋಲ್ಟೇಜ್ ಹರಡುತ್ತದೆ. ಕಟ್ಟುವ ಜಾಗದಿಂದ, ನೀರು ಕುಡಿಸುವ ತೊಟ್ಟಿಯಿಂದ ಕನಿಷ್ಠ ಹತ್ತು ಹನ್ನೆರಡು ಅಡಿ ದೂರವಿರಲಿ, ಸುತ್ತ ಒಂದು ಬೇಲಿ ಇರಲಿ.

ಕೊಟ್ಟಿಗೆಯ ಕಬ್ಬಿಣವೆಲ್ಲ ಒಂದಾಗಲಿ

ಹೊಸ ಕೊಟ್ಟಿಗೆ ಕಟ್ಟಿಸುವವರು ಇನ್ನೊಂದು ಕೆಲಸ ಮಾಡಿಸಿಕೊಳ್ಳಿ. ಕಬ್ಬಿಣದ ಕಂಬ, ಗೋದಲಿಯ ಪೈಪು, ನೀರಿನ ಬಟ್ಟಲು, ನೆಲದ ಕಾಂಕ್ರೀಟಿನೊಳಗಿನ ಕಂಬಿಯ ಜಾಲರಿ ಇವನ್ನೆಲ್ಲ ಒಂದಕ್ಕೊಂದು ವೆಲ್ಡ್ ಮಾಡಿಸಿ ಅರ್ಥ್‌ಗೆ ಸೇರಿಸಬೇಕು. ಹಸುವಿನ ಮೂತಿ ಮುಟ್ಟುವುದೂ ಕಾಲು ಊರುವುದೂ ಒಂದೇ ವೋಲ್ಟೇಜಿನಲ್ಲಿದ್ದರೆ ಮೈಯ ಮೂಲಕ ಕರೆಂಟ್ ಹರಿಯುವುದಿಲ್ಲ. ಕಾಂಕ್ರೀಟ್ ಸುರಿಯುವ ಮುಂಚೆ ಇದು ಅರ್ಧ ದಿನದ ಕೆಲಸ. ಆಮೇಲಾದರೆ ನೆಲ ಅಗೆಯಬೇಕು.

ಸಾಮಾನ್ಯವಾಗಿ ಕಾಣುವ ತಪ್ಪುಗಳು

1. ಅರ್ಥ್ ತಂತಿಯನ್ನು ನ್ಯೂಟ್ರಲ್‌ಗೆ ಸೇರಿಸುವುದು. ನ್ಯೂಟ್ರಲ್ ಕಡಿದ ದಿನ ಯಂತ್ರದ ಮೈಗೆಲ್ಲ ಕರೆಂಟ್ ಬರುತ್ತದೆ.
2. ನ್ಯೂಟ್ರಲ್ ಬದಲು ಅರ್ಥ್ ಗುಂಡಿಯಿಂದಲೇ ಬಲ್ಬು ಅಥವಾ ಮೋಟಾರು ಓಡಿಸುವುದು. ಇದರಿಂದ ಹಿತ್ತಲ ನೆಲವೇ ಸದಾ ಕರೆಂಟಿನ ನೆಲವಾಗುತ್ತದೆ.
3. ಅರ್ಥ್ ತಂತಿಯಲ್ಲಿ ಸ್ವಿಚ್ ಅಥವಾ ಫ್ಯೂಸ್ ಹಾಕುವುದು. ಅದರಲ್ಲಿ ಎಲ್ಲಿಯೂ ತಡೆ ಇರಕೂಡದು.
4. ನೀರಿನ ಕೊಳಾಯಿಗೆ ಅರ್ಥ್ ಸೇರಿಸುವುದು. ಈಗಿನ ಕೊಳಾಯಿ ಪ್ಲಾಸ್ಟಿಕ್ಕಿನದು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ.
5. ತುದಿಯನ್ನು ಬರಿಗೈಯಲ್ಲಿ ಸುತ್ತಿ ಬಿಡುವುದು. ಲಗ್ ಹಾಕಿ, ಬೋಲ್ಟು ವಾಷರಿನಿಂದ ಬಿಗಿಯಬೇಕು. ಬಣ್ಣ, ತುಕ್ಕು ಕೆರೆದು ಲೋಹಕ್ಕೆ ಲೋಹ ಕೂರಬೇಕು.
6. ತಗಡಿನ ಚಾವಣಿಗೆ ತಾಗುವಂತೆ ಹಳೆಯ ವೈರು ಎಳೆಯುವುದು.

ಹಸು ಹೇಳುವುದನ್ನು ಕೇಳಿ

ದೊಡ್ಡ ಆಘಾತಕ್ಕೆ ಮುಂಚೆ ಸಣ್ಣ ಸೋರಿಕೆ ಇರುವುದುಂಟು. ಕೇವಲ 2 ವೋಲ್ಟ್ ಇದ್ದರೂ ಹಸುವಿನ ಮೈಯಲ್ಲಿ 4 ಮಿಲಿಆಂಪಿಯರ್ ಹರಿಯಬಹುದು, ಅಷ್ಟಕ್ಕೇ ಅದರ ನಡವಳಿಕೆ ಬದಲಾಗುತ್ತದೆ. ನೀರಿನ ತೊಟ್ಟಿಯ ಬಳಿ ಹಿಂಜರಿಯುವುದು, ನೀರನ್ನು ಹೀರದೆ ನೆಕ್ಕುವುದು, ಕೊಟ್ಟಿಗೆಗೆ ಬರಲು ಒಪ್ಪದಿರುವುದು, ಯಂತ್ರ ಹಚ್ಚಿದಾಗ ಕಾಲು ಎತ್ತಿ ಎತ್ತಿ ಇಡುವುದು, ಹಾಲು ಸೊರೆ ಬಿಡದಿರುವುದು ಇವು ಲಕ್ಷಣಗಳು. ಹೆದರಿದ ಹಸುವಿನಲ್ಲಿ ಹಾಲಿಳಿಸುವ ರಸದೂತ ಕೆಲಸ ಮಾಡುವುದಿಲ್ಲ, ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಮೊಲೆಯ ಗಾಯ, ಕೆಚ್ಚಲು ಬಾವು, ಯಂತ್ರದ ಒತ್ತಡದ ದೋಷ ಇವುಗಳಿಂದಲೂ ಹೀಗಾಗಬಹುದು. ಆದ್ದರಿಂದ ಪಶುವೈದ್ಯರಿಗೂ ತೋರಿಸಿ. ಆದರೆ ಒಂದೇ ಸಲಕ್ಕೆ ಎಲ್ಲ ಹಸುಗಳೂ ಹೀಗೆ ಮಾಡಿದರೆ, ಕರೆಂಟ್ ಇಲ್ಲದಾಗ ಸರಿ ಇದ್ದು ಬಂದಾಗ ಹೆದರಿದರೆ, ವೈರ್‌ಮನ್‌ನನ್ನು ಅಂದೇ ಕರೆಸಿ.

ಶಾಕ್ ಹೊಡೆದಾಗ

ಮೊದಲು ಮೈನ್ ಸ್ವಿಚ್ ಆರಿಸಿ. ಬಿದ್ದ ರಾಸನ್ನಾಗಲಿ, ಸರಪಳಿಯನ್ನಾಗಲಿ ಅದಕ್ಕೆ ಮುಂಚೆ ಮುಟ್ಟಬೇಡಿ, ಒದ್ದೆ ನೆಲದ ಮೇಲೆ ಹತ್ತಿರ ಹೋಗಬೇಡಿ. ಕಂಬದ ತಂತಿ ಬಿದ್ದಿದ್ದರೆ 1912ಕ್ಕೆ ಕರೆ ಮಾಡಿ, ಲೈನ್ ಆರಿಸುವವರೆಗೆ ದೂರ ನಿಲ್ಲಿ. ರಾಸು ಬದುಕಿದ್ದರೆ ಪಶುವೈದ್ಯರನ್ನು ಕರೆಸಿ. ಸತ್ತಿದ್ದರೆ ವಿಮಾ ಕಂಪನಿಗೆ ತಕ್ಷಣ ತಿಳಿಸಿ, ಕಿವಿಯೋಲೆ ಕೀಳಬೇಡಿ, ಪಶುವೈದ್ಯರು ನೋಡುವವರೆಗೆ ಹೂಳಬೇಡಿ. ವಿದ್ಯುತ್ ಕಂಪನಿಗೂ ವಿದ್ಯುತ್ ಪರಿವೀಕ್ಷಣಾಲಯಕ್ಕೂ ಬರವಣಿಗೆಯಲ್ಲಿ ತಿಳಿಸಿ.

ಒಂದು ಎಚ್ಚರಿಕೆ. ಇದ್ದಕ್ಕಿದ್ದಂತೆ ಸತ್ತ ರಾಸುಗಳೆಲ್ಲ ಕರೆಂಟಿನಿಂದಲೇ ಸತ್ತವಲ್ಲ. ನೆರಡಿ ರೋಗ ಎಂದು ಕರೆಯುವ ಆಂತ್ರಾಕ್ಸ್‌ನಲ್ಲೂ ಹೀಗೆಯೇ ಸಾಯುತ್ತವೆ. ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಹೆಣವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು. ಅದು ಮನುಷ್ಯರಿಗೂ ತಗಲುವ ರೋಗ.

ಕೊನೆಯದಾಗಿ

ಈ ಭಾನುವಾರ ಹಾಲು ಹಾಕಿ ಬಂದ ಮೇಲೆ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಯಂತ್ರದ ಮೈಯಿಂದ ಗುಂಡಿಯವರೆಗೆ ಅರ್ಥ್ ತಂತಿ ಹೋಗುವ ದಾರಿಯನ್ನು ಕೈ ತಾಗಿಸದೆ ಕಣ್ಣಿನಿಂದ ನೋಡಿಕೊಂಡು ಹೋಗಿ. ಎಲ್ಲಿ ಸಣ್ಣದಾಗಿದೆ, ಎಲ್ಲಿ ತುಕ್ಕಾಗಿದೆ, ಎಲ್ಲಿ ಬರೀ ಸುತ್ತಿ ಬಿಟ್ಟಿದ್ದಾರೆ ಎಂದು ಗುರುತು ಮಾಡಿ ವೈರ್‌ಮನ್‌ಗೆ ತೋರಿಸಿ. ಅವರನ್ನು ಮೂರು ಪ್ರಶ್ನೆ ಕೇಳಿ: ಫೇಸ್ ತಂತಿ ಎಷ್ಟರದು, ಅರ್ಥ್ ತಂತಿ ಅದಕ್ಕೆ ಸಮ ಇದೆಯೇ, ಆರ್‌ಸಿಸಿಬಿ ಎಲ್ಲಿದೆ?

ಒಂದು ಒಳ್ಳೆಯ ಹಸುವಿನ ಬೆಲೆಯ ಮುಂದೆ ಇದಕ್ಕೆಲ್ಲ ಆಗುವ ಖರ್ಚು ತೀರಾ ಅಲ್ಪ. ಮನೆಯ ಹೆಣ್ಣುಮಗಳ ಜೀವಕ್ಕೆ ಬೆಲೆ ಕಟ್ಟುವವರು ಯಾರು? ಬಹುಪಾಲು ಮನೆಗಳಲ್ಲಿ ಬೆಳಗಿನ ಜಾವ ಎದ್ದು, ಒದ್ದೆ ಕೊಟ್ಟಿಗೆಯಲ್ಲಿ ಮೊದಲು ಸ್ವಿಚ್ ಹಾಕುವವರು ಅವರೇ.

ಪಶುವೈದ್ಯಕೀಯ ವಿಸ್ತರಣಾಧಿಕಾರಿ